ಓಣಿಯೊಳಗೆ ಸೈಬರ್ ವಂಚನೆ ಜಾಗೃತಿ ಸಭೆ: ನಡೆಸುವ ಕ್ರಮ

ವಂಚನೆಯ ಬಗ್ಗೆ ಭಾಷಣ ಕೇಳಿದವರೂ ರೊಕ್ಕ ಕಳೆದುಕೊಳ್ಳುತ್ತಾರೆ. ಗಾಬರಿಯಾದಾಗ ಭಾಷಣ ನೆನಪಾಗುವುದಿಲ್ಲ, ಕೈಗೆ ರೂಢಿಯಾದದ್ದು ಮಾತ್ರ ನೆನಪಾಗುತ್ತದೆ. ಹಾಗಾಗಿ ಸಭೆಯಲ್ಲಿ ಮಾತು ಕಡಿಮೆ ಇರಲಿ. ಬಂದವರೆಲ್ಲ ತಮ್ಮ ತಮ್ಮ ಫೋನಿನಲ್ಲೇ ಮಾಡಿ ಕಲಿಯಲಿ.

ಒಂದು ಸಭೆಗೆ 20–25 ಜನ ಸಾಕು. ಐದಾರು ಮಂದಿಗೆ ಒಬ್ಬರಂತೆ ಫೋನ್ ಬಲ್ಲ ಹುಡುಗ, ಹುಡುಗಿಯರು ಜೊತೆಗಿರಲಿ. ಹೊಸದಾಗಿ ಜನ ಸೇರಿಸುವ ಬದಲು ಸ್ವಸಹಾಯ ಸಂಘದ ಸಭೆ ಇರುವ ದಿನವನ್ನೇ ಹಿಡಿಯಿರಿ. ಬ್ಯಾಡಗಿ ಸುತ್ತಿನ ಹಳ್ಳಿಗಳಾದರೆ ಮೆಣಸಿನಕಾಯಿ ರೊಕ್ಕ ಖಾತೆಗೆ ಬೀಳುವ ಮೊದಲೇ, ಡಿಸೆಂಬರ್ ಹೊತ್ತಿಗೆ ಸಭೆ ಮುಗಿದಿರಬೇಕು.

ಮೊದಲ ಪಾಠ ಪಿನ್. ಸಹಾಯಕರೊಬ್ಬರ ಕ್ಯೂಆರ್ ಕೋಡ್ ತೋರಿಸಿ, ಎಲ್ಲರಿಂದ ಸ್ಕ್ಯಾನ್ ಮಾಡಿಸಿ, ಒಂದು ರೂಪಾಯಿ ಹಾಕಿಸಿ. ಪಿನ್ ಕೇಳುವ ಪರದೆ ಬಂದಾಗ ನಿಲ್ಲಿಸಿ, ರೊಕ್ಕ ಯಾರ ಹೆಸರಿಗೆ ಹೋಗುತ್ತಿದೆ ಎಂದು ಗಟ್ಟಿಯಾಗಿ ಓದಿಸಿ, ನಂತರ ರದ್ದು ಮಾಡಿಸಿ. ಹಳೆಯ ಸೋಫಾ ಕೊಳ್ಳುತ್ತೇನೆ, ಸ್ಕ್ಯಾನ್ ಮಾಡಿದರೆ ನಿಮಗೆ ದುಡ್ಡು ಬರುತ್ತದೆ ಎನ್ನುವವರು ಬಳಸುವುದು ಇದೇ ಪರದೆಯನ್ನು. "ರೊಕ್ಕ ಬರಬೇಕಾದ್ರ ಪಿನ್ ಬ್ಯಾಡ" ಎಂಬುದನ್ನು ಎಲ್ಲರ ಬಾಯಿಂದಲೂ ಹೇಳಿಸಿ.

ಎರಡನೆಯದು ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕಿಸುವ ಫೈಲ್. ವಾಟ್ಸ್ಆ್ಯಪ್‌ನಲ್ಲಿ ಪಿಎಂ ಕಿಸಾನ್, ಗಾಡಿ ಚಲನ್, ಮದುವೆ ಕರೆಯೋಲೆ ಎಂಬ ಹೆಸರಿನಲ್ಲಿ ಬರುತ್ತದೆ. ಎಷ್ಟೋ ಸಲ ಪರಿಚಯದವರ ನಂಬರಿನಿಂದಲೇ ಬರುತ್ತದೆ, ಏಕೆಂದರೆ ಅವರ ಫೋನೂ ಆಗಲೇ ವಂಚಕರ ಕೈಯಲ್ಲಿರುತ್ತದೆ. ಇನ್‌ಸ್ಟಾಲ್ ಮಾಡಿದರೆ ಅದು ಓಟಿಪಿ ಸಂದೇಶಗಳನ್ನು ಕದ್ದು ಕಳಿಸುತ್ತದೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಹುಡುಕಿ, ವಾಟ್ಸ್ಆ್ಯಪ್ ಮತ್ತು ಕ್ರೋಮ್ ಎದುರಿನ ಅನುಮತಿ ಬಂದ್ ಮಾಡಿಸಿ. ಈಗಾಗಲೇ ಹಾಕಿಕೊಂಡವರು ಇದ್ದರೆ ಮೊದಲು ಏರೋಪ್ಲೇನ್ ಮೋಡ್ ಹಾಕಲಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಲಿ, ಆಮೇಲೆ ಆ್ಯಪ್ ತೆಗೆಯಲಿ. ಈ ಕ್ರಮ ಹಿಂದುಮುಂದಾದರೆ ಆ್ಯಪ್ ಹುಡುಕುತ್ತಿರುವಾಗಲೇ ಖಾತೆ ಖಾಲಿಯಾಗಬಹುದು.

ಹೆಬ್ಬೆಟ್ಟು ಒತ್ತಿ ರೊಕ್ಕ ತೆಗೆಯುವವರಿಗೆ ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವುದನ್ನು, ಅಂದರೆ ಬೆರಳಚ್ಚನ್ನು ಬೇರೆಯವರು ಬಳಸದಂತೆ ಬೀಗ ಹಾಕುವುದನ್ನು ತೋರಿಸಿ. ಲಾಕ್ ಇದ್ದಾಗ ರೇಷನ್ ಅಂಗಡಿಯಲ್ಲೂ ಬೆರಳು ತಗೊಳ್ಳುವುದಿಲ್ಲ, ಮೊದಲು ಅನ್‌ಲಾಕ್ ಮಾಡಬೇಕು ಎಂಬುದನ್ನು ಅಂದೇ ಹೇಳಿ. ಇಲ್ಲದಿದ್ದರೆ ಮುಂದಿನ ತಿಂಗಳು ಅಕ್ಕಿ ಸಿಗದೆ ನಿಮ್ಮ ಮೇಲಿನ ನಂಬಿಕೆಯೇ ಹೋಗುತ್ತದೆ.

ಹುಬ್ಬಳ್ಳಿ, ಧಾರವಾಡದ ನಿವೃತ್ತ ನೌಕರರ ಸಭೆಯಲ್ಲಿ 'ಡಿಜಿಟಲ್ ಅರೆಸ್ಟ್', ಅಂದರೆ ಪೊಲೀಸರೆಂದು ಹೇಳಿಕೊಂಡು ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆಂದು ಹೆದರಿಸಿ ರೊಕ್ಕ ಕೀಳುವ ಮೋಸ, ಮುಖ್ಯವಾಗಲಿ. ವಿಡಿಯೊ ಕರೆಯಲ್ಲಿ ಬಂಧಿಸುವ ಅವಕಾಶ ಯಾವ ಕಾನೂನಿನಲ್ಲೂ ಇಲ್ಲ. ಸಹಾಯಕರು ಪೊಲೀಸರಂತೆ ಗದರಲಿ, ಎದುರಿನವರು ಮರುಮಾತಾಡದೆ ಕರೆ ಕತ್ತರಿಸಲಿ. ದೊಡ್ಡವರಿಗೆ ಇದು ಸುಲಭವಲ್ಲ, ಸಾಹೇಬರ ಫೋನ್ ಹೇಗೆ ಇಡುವುದು ಎಂದು ಹಿಂಜರಿಯುತ್ತಾರೆ. ಎರಡು ಮೂರು ಸಲ ಮಾಡಿಸಿ.

ಧಾರವಾಡದ ಸಪ್ತಾಪುರದಂಥ ಕಡೆ ಕೋಚಿಂಗಿಗೆ ಬಂದ ಹುಡುಗರಿಗೆ ಬೇರೆಯದೇ ಮಾತು ಹೇಳಬೇಕು. ಕಮಿಷನ್ ಆಸೆಗೆ ಖಾತೆ, ಎಟಿಎಂ ಕಾರ್ಡ್, ಸಿಮ್ ಬಾಡಿಗೆ ಕೊಟ್ಟರೆ ಕದ್ದ ದುಡ್ಡು ಆ ಖಾತೆಯಲ್ಲೇ ಹಾಯುತ್ತದೆ. ಆಗ ಖಾತೆ ಸ್ತಂಭನವಾಗುತ್ತದೆ, ಪೊಲೀಸರು ಮೊದಲು ಬರುವುದೂ ಅವರ ಬಾಗಿಲಿಗೇ.

ಅರ್ಧದಷ್ಟು ಸಮಯವನ್ನು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಇಡಿ. ಕದ್ದ ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕೆ ಸರಿದು ಎಟಿಎಂನಲ್ಲಿ ನಗದಾಗುವ ಮೊದಲು ತಡೆಯಬೇಕು, ಅದಕ್ಕಾಗಿ ಒಂದೊಂದು ನಿಮಿಷವೂ ಮುಖ್ಯ. ನಂಬರನ್ನು ಎಲ್ಲರ ಫೋನಿನಲ್ಲೂ ಉಳಿಸಿ. ಅಲ್ಲಿ ಕೇಳುವುದು ಬ್ಯಾಂಕ್ ಹೆಸರು, ಖಾತೆ ಸಂಖ್ಯೆ, ಮೊತ್ತ, ಹೊತ್ತು ಮತ್ತು ವಹಿವಾಟಿನ ಸಂಖ್ಯೆ. ಯುಪಿಐನಲ್ಲಿ ಅದು 12 ಅಂಕಿಯ ಯುಟಿಆರ್. ಹಳೆಯ ಪಾವತಿಯೊಂದನ್ನು ತೆರೆಸಿ, ಆ ಸಂಖ್ಯೆ ಎಲ್ಲಿದೆ ಎಂದು ಪ್ರತಿಯೊಬ್ಬರಿಂದಲೂ ಹುಡುಕಿಸಿ. ನಿಜವಾಗಿ ಮೋಸವಾದ ದಿನ ಜನ ತಡವರಿಸುವುದು ಇಲ್ಲೇ. ಲೈನ್ ಸಿಗದಿದ್ದರೆ ಸುಮ್ಮನೆ ಕಾಯದೆ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಬೇಕು, ಇಲ್ಲವೇ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಬೇಕು.

ಮನೆಯವರು ಬೈತಾರೆಂದು ಹೆಣ್ಣುಮಕ್ಕಳು ಎರಡು ದಿನ ಬಾಯಿ ಬಿಡದಿರುವುದುಂಟು. ಆದ್ದರಿಂದ ಗಂಡಸರನ್ನೂ ಸಭೆಗೆ ಕರೆಯಿರಿ. ಮೊದಲು 1930ಕ್ಕೆ ಫೋನ್ ಹಚ್ಚಬೇಕು, ಬೈಯುವ ಮಾತು ಬೇಡವೇ ಬೇಡ ಎಂದು ಅವರೆದುರೇ ಹೇಳಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ ಗ್ರಾಹಕರದ್ದಾಗಲಿ ಬ್ಯಾಂಕಿನದ್ದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ರೊಕ್ಕ ಹೋಗಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರು ನಷ್ಟ ಹೊರಬೇಕಿಲ್ಲ. ಪಿನ್, ಓಟಿಪಿ ತಾವೇ ಕೊಟ್ಟಿದ್ದರೂ ಬ್ಯಾಂಕಿಗೆ ದೂರು ಕೊಟ್ಟ ನಂತರದ ನಷ್ಟ ಬ್ಯಾಂಕಿನದೇ. ಅದಕ್ಕೇ ಶಾಖೆಗೆ ಬರೆದ ಅರ್ಜಿಯ ಎರಡನೆಯ ಪ್ರತಿಯ ಮೇಲೆ ಸಿಕ್ಕಾ, ತಾರೀಕು, ಹೊತ್ತು ಹಾಕಿಸಿಕೊಂಡೇ ಹೊರಬರಬೇಕು.