ಸಿಟ್ಟು ಏಳುವ ಮೊದಲಿನ ಹತ್ತು ನಿಮಿಷ: ಒಬ್ಬ ಸಪ್ಲೈಯರ್‌ನ ಅನುಭವ

ನಾನು ಹದಿನಾಲ್ಕು ವರ್ಷ ಸಪ್ಲೈಯರ್ ಆಗಿ, ಆಮೇಲೆ ಆರು ವರ್ಷ ಕ್ಯಾಪ್ಟನ್ ಆಗಿ, ಅಂದರೆ ಸಪ್ಲೈಯರುಗಳ ಮೇಲ್ವಿಚಾರಕನಾಗಿ, ರೆಸ್ಟೋರೆಂಟುಗಳಲ್ಲಿ ಕೆಲಸ ಮಾಡಿದ್ದೇನೆ. ಕಿರಿಕಿರಿ ಮಾಡುವ ಗಿರಾಕಿಯನ್ನು ಹೇಗೆ ಸಂಭಾಳಿಸಬೇಕು ಎಂದು ಹೊಸದಾಗಿ ಸೇರಿದವರು ಕೇಳಿದಾಗಲೆಲ್ಲ ನಾನು ಮೊದಲು ಕೇಳುವುದು ಆ ಹೊಸಬರೇ ಕಡೆಯ ಬಾರಿ ಊಟ ಮಾಡಿದ್ದು ಎಷ್ಟು ಗಂಟೆಗೆ ಎಂಬುದನ್ನು. ಪ್ರಶ್ನೆ ಅವರಿಗೆ ವಿಚಿತ್ರವೆನಿಸುತ್ತದೆ. ಆದರೆ ಟೇಬಲ್ಲಿನ ಬಳಿ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಟೇಬಲ್ಲಿನ ಬಳಿ ಹುಟ್ಟಿದವಲ್ಲ, ಅಡುಗೆಮನೆಯ ಬಾಗಿಲಲ್ಲೋ ಪಾಳಿಯ ಪಟ್ಟಿಯಲ್ಲೋ ಹುಟ್ಟಿ ನಮ್ಮ ಕೈಯಲ್ಲಿರುವ ತಟ್ಟೆಯ ಜೊತೆಗೆ ಟೇಬಲ್ಲಿಗೆ ಬಂದವು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಈ ಕೆಲಸದ ದಿನ ಹೊರಗಿನಿಂದ ನೋಡುವವರಿಗೆ ಕಾಣುವುದಕ್ಕಿಂತ ಉದ್ದವಾದದ್ದು. ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ಪಾಳಿ, ರಾತ್ರಿಯ ಊಟದ ಹೊತ್ತಿಗೆ ಇನ್ನರ್ಧ. ನಡುವಿನ ಮೂರು ನಾಲ್ಕು ಗಂಟೆಗಳನ್ನು ಬಿಡುವು ಎಂದು ಕರೆದು ಸಂಬಳದ ಲೆಕ್ಕದಿಂದ ತೆಗೆದುಹಾಕಲಾಗುತ್ತದೆ. ಮನೆಗೆ ಹೋಗಿ ಬರಲು ಸಾಲದ, ಕಾಲು ಚಾಚಲು ಜಾಗವಿಲ್ಲದ ಆ ಹೊತ್ತನ್ನು ನಾನು ವರ್ಷಗಟ್ಟಲೆ ಸಾಮಾನಿನ ಕೋಣೆಯಲ್ಲಿ ಮೂಟೆಗಳಿಗೆ ಒರಗಿ ಕಳೆದಿದ್ದೇನೆ. ಹೀಗೆ ಕಾಗದದ ಮೇಲಿನ ಎಂಟು ಗಂಟೆಯ ಕೆಲಸ ಹನ್ನೊಂದು ಹನ್ನೆರಡು ಗಂಟೆಯ ದಿನವಾಗುತ್ತದೆ. ಹಿಮ್ಮಡಿಯ ನೋವು, ಮೀನಖಂಡದಲ್ಲಿ ಉಬ್ಬಿದ ನರಗಳು, ಮುಂಗೈಯ ಮೇಲೆ ಬಿಸಿ ತಟ್ಟೆಯ ಗುರುತುಗಳು, ಒದ್ದೆ ನೆಲದಲ್ಲಿ ಜಾರಿ ಹಿಡಿದ ಸೊಂಟ ಇವುಗಳಲ್ಲಿ ಒಂದೂ ಇಲ್ಲದ ಹಳೆಯ ಸಪ್ಲೈಯರನ್ನು ನಾನು ಕಂಡಿಲ್ಲ. ಮೊದಲ ಸಂಬಳದಲ್ಲಿ ಏನನ್ನೇ ಬಿಟ್ಟರೂ ಜಾರದ ಅಟ್ಟೆಯ ಒಳ್ಳೆಯ ಷೂ ಕೊಳ್ಳುವುದನ್ನು ಬಿಡಬಾರದು ಎಂದು ನಾನು ಹೊಸಬರಿಗೆ ಹೇಳುವುದು ಈ ಕಾರಣಕ್ಕೆ.

ಇದರ ಮೇಲೆ ನಗು ಬೇರೆ. ನಗುವುದೂ ದಣಿಸುವ ಕೆಲಸವೇ ಎಂಬುದನ್ನು ನಮ್ಮಂಥವರು ಯಾವತ್ತೋ ಬಲ್ಲೆವು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ, ವಿಮಾನದ ಪರಿಚಾರಕರ ಕೆಲಸವನ್ನು ಅಧ್ಯಯನ ಮಾಡಿ, ಅದಕ್ಕೆ ಭಾವನೆಯ ಶ್ರಮ ಎಂಬ ಅರ್ಥದ ಹೆಸರು ಕೊಟ್ಟರು. ಹೊಟ್ಟೆ ಹಸಿದು ಎಂಟನೆಯ ಗಂಟೆಯಲ್ಲಿ ನಿಂತವನ ಬಳಿ ಆ ಶ್ರಮಕ್ಕೆ ಬೇಕಾದ ಬಂಡವಾಳವೇ ಉಳಿದಿರುವುದಿಲ್ಲ.

ನನ್ನ ಅತಿ ದೊಡ್ಡ ತಪ್ಪು ನಡೆದದ್ದು ಅಂಥದೊಂದು ರಾತ್ರಿ. ವಯಸ್ಸಾದ ಒಬ್ಬರು ಊಟ ತಣ್ಣಗಿದೆ ಎಂದು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಮೂರನೆಯ ಸಲ ಸುತ್ತಲಿನ ಟೇಬಲ್ಲಿನವರೆಲ್ಲ ತಿರುಗಿ ನೋಡುವಂತೆ ಹೇಳಿದರು. "ಒಲೆಯಿಂದ ಈಗಷ್ಟೇ ಇಳಿದದ್ದು, ಸರ್. ಇದಕ್ಕಿಂತ ಬಿಸಿ ಬೇಕಾದರೆ ನೀವೇ ಒಳಗೆ ಬಂದು ನಿಂತುಕೊಳ್ಳಬೇಕು" ಎಂದುಬಿಟ್ಟೆ. ಅವರು ಮರುಮಾತಾಡದೆ ಎದ್ದು ಹೋದರು. ತಟ್ಟೆ ಎತ್ತಲು ಹೋದಾಗ ಅದರ ಅಂಚನ್ನು ಮುಟ್ಟಿದೆ. ತಣ್ಣಗಿತ್ತು. ಬೇರೊಂದು ಟೇಬಲ್ಲಿನ ಬಿಲ್ಲಿನಲ್ಲಿ ನಾನು ಸಿಕ್ಕಿಕೊಂಡಿದ್ದಾಗ ಆ ತಟ್ಟೆ ಅಡುಗೆಮನೆಯ ಕಟ್ಟೆಯ ಮೇಲೆ, ಫ್ಯಾನಿನ ನೇರ ಗಾಳಿಯ ಕೆಳಗೆ, ನನಗಾಗಿ ಕಾಯುತ್ತ ಕೂತಿತ್ತು. ಅದು ಒಲೆಯಿಂದ ಇಳಿದದ್ದು ಯಾವಾಗ ಎಂಬುದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿದೆ ಎಂಬ ಧೈರ್ಯದಲ್ಲಿ ಮಾತಾಡಿದ್ದೆ. ಅಂದಿನಿಂದ ಕೈಗೆತ್ತಿಕೊಂಡ ಪ್ರತಿ ತಟ್ಟೆಯನ್ನೂ ತಳದಲ್ಲಿ ಒಮ್ಮೆ ಮುಟ್ಟಿ ನೋಡುವುದು ನನ್ನ ಅಭ್ಯಾಸವಾಯಿತು, ದೂರು ಬಂದಾಗ ವಿವರಣೆ ಕೊಡುವುದನ್ನು ಬಿಟ್ಟೆ.

ವಿವರಣೆ ಬಿಟ್ಟದ್ದರಿಂದ ಆದ ಲಾಭವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೂರು ಹೇಳುವ ಗಿರಾಕಿ ತಾನು ಹೇಳಿದ್ದು ನಿಜವೆಂದು ಒಪ್ಪಿಸಬೇಕಾದ ಸ್ಥಿತಿಗೆ ಬಂದ ಕೂಡಲೇ ಅವನ ದನಿ ಏರುತ್ತದೆ. ಆದ್ದರಿಂದ ನಾನು ಮೊದಲು ತಟ್ಟೆಯನ್ನು ಅವರ ಎದುರಿನಿಂದ ತೆಗೆಯುತ್ತೇನೆ. ಎದುರಿಗೆ ನಿಲ್ಲದೆ ಕುರ್ಚಿಯ ಪಕ್ಕಕ್ಕೆ ಬಂದು, ಅವರಿಗಿಂತ ತಗ್ಗಿದ ದನಿಯಲ್ಲಿ, "ಇದನ್ನೇ ಹೊಸದಾಗಿ ಮಾಡಿಸಿ ತರಲೇ, ಬೇರೆ ಏನಾದರೂ ತರಲೇ?" ಎಂದು ಕೇಳುತ್ತೇನೆ. "ಏನು ಮಾಡಬೇಕು ಹೇಳಿ" ಎಂದು ಕೇಳಿದರೆ ಸಿಟ್ಟಿನಲ್ಲಿರುವವನಿಗೆ ಇನ್ನೊಂದು ಭಾಷಣಕ್ಕೆ ಅವಕಾಶ ಸಿಗುತ್ತದೆ. ಎರಡು ದಾರಿ ಇಟ್ಟರೆ ಅವನು ಒಂದನ್ನು ಆರಿಸಲೇಬೇಕಾಗುತ್ತದೆ. ಅಡುಗೆಯವರ ಮೇಲೆ ತಪ್ಪು ಹೊರಿಸುವ ಮಾತನ್ನು ಮಾತ್ರ ಎಂದೂ ಆಡಬಾರದು. ಗಿರಾಕಿಯ ಮಟ್ಟಿಗೆ ಅಡುಗೆಮನೆಯೂ ನಾನೂ ಬೇರೆಯಲ್ಲ, ಆ ಮಾತು ಒಳಗೆ ತಲುಪಿದರೆ ಆ ರಾತ್ರಿಯ ಉಳಿದ ಆರ್ಡರ್‌ಗಳೆಲ್ಲ ನಿಧಾನವಾಗುತ್ತವೆ.

ಆದರೆ ಇದು ಸಿಟ್ಟು ಬಂದ ಮೇಲಿನ ಚಿಕಿತ್ಸೆ. ಹೆಚ್ಚು ಕೆಲಸ ಆಗಬೇಕಾದದ್ದು ಮೊದಲ ಹತ್ತು ನಿಮಿಷಗಳಲ್ಲಿ. ಜನ ಕೂತ ಒಂದು ನಿಮಿಷದೊಳಗೆ, ಆರ್ಡರ್ ತೆಗೆದುಕೊಳ್ಳಲು ಸಾಧ್ಯವಾಗದಿದ್ದರೂ ಪರವಾಗಿಲ್ಲ, "ನೋಡಿದ್ದೇನೆ, ಆ ಟೇಬಲ್ ಮುಗಿಸಿ ಬರುತ್ತೇನೆ" ಎಂದು ಹೇಳಿ ನೀರು ಇಟ್ಟು ಹೋಗಬೇಕು. ತಾವು ಯಾರ ಕಣ್ಣಿಗೂ ಬಿದ್ದಿಲ್ಲ ಎಂಬ ಅನುಮಾನದಲ್ಲಿ ಕಳೆದ ಐದು ನಿಮಿಷ, ಗೊತ್ತಿದ್ದು ಕಾದ ಹದಿನೈದು ನಿಮಿಷಕ್ಕಿಂತ ಭಾರವಾಗಿರುತ್ತದೆ. ಅಡುಗೆಯವರು ಹದಿನೈದು ನಿಮಿಷ ಎಂದರೆ ನಾನು ಇಪ್ಪತ್ತು ಎನ್ನುತ್ತೇನೆ. ಆರ್ಡರನ್ನು ಬರೆದುಕೊಂಡ ಮೇಲೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಊಟ ಇಟ್ಟ ಮೇಲೆ ಎರಡು ಮೂರು ತುತ್ತಿನ ಹೊತ್ತಿಗೆ ಹೋಗಿ ಸರಿಯಿದೆಯೇ ಎಂದು ಕೇಳುತ್ತೇನೆ. ತಟ್ಟೆ ಖಾಲಿಯಾದ ಮೇಲೆ ಕೇಳಿದರೆ ಸರಿಪಡಿಸಲು ಏನೂ ಉಳಿದಿರುವುದಿಲ್ಲ.

ಹೊಸಬರಿಗೆ ಕಲಿಸುವ ಕೆಲಸ ನನ್ನ ಮೇಲೆ ಬಿದ್ದಾಗ ಇದರ ಬಗ್ಗೆ ಯಾರಾದರೂ ಯೋಚಿಸಿದ್ದಾರೆಯೇ ಎಂದು ಹುಡುಕಿ ಓದಿದೆ. ವಿಲಿಯಂ ಫೂಟ್ ವೈಟ್ ಎಂಬ ಸಮಾಜಶಾಸ್ತ್ರಜ್ಞರು 1940ರ ದಶಕದಲ್ಲಿ ಶಿಕಾಗೊ ನಗರದ ರೆಸ್ಟೋರೆಂಟುಗಳಲ್ಲಿ ಪರಿಚಾರಕಿಯರ ಕೆಲಸವನ್ನು ಹತ್ತಿರದಿಂದ ಗಮನಿಸಿದ್ದರು. ಗಿರಾಕಿಗಳೂ ಅಡುಗೆಮನೆಯೂ ಎರಡೂ ಕಡೆಯಿಂದ ಒತ್ತುವಾಗ ಕೆಲವರು ಅಳುವ ಸ್ಥಿತಿಗೆ ಬರುತ್ತಾರೆ, ಕೆಲವರು ಬರುವುದಿಲ್ಲ, ಏಕೆ ಎಂಬುದು ಅವರ ಪ್ರಶ್ನೆ. ತಾನೇ ಮೊದಲು ಮಾತು ತೆಗೆದು ಗಿರಾಕಿಯನ್ನು ನಡೆಸಿಕೊಂಡು ಹೋಗುವವಳು ಒತ್ತಡವನ್ನು ತಾಳಿಕೊಳ್ಳುತ್ತಾಳೆ, ಗಿರಾಕಿ ಕರೆದಾಗಲೆಲ್ಲ ಓಡುವವಳು ಕುಸಿಯುತ್ತಾಳೆ ಎಂಬುದು ಅವರು ಕಂಡುಕೊಂಡದ್ದು. ಓದಿದಾಗ, ನಾನು ಹದಿನಾಲ್ಕು ವರ್ಷ ಪೆಟ್ಟು ತಿಂದು ಕಲಿತದ್ದನ್ನು ಯಾರೋ ನಾನು ಹುಟ್ಟುವ ಮೊದಲೇ ಬರೆದಿಟ್ಟಿದ್ದರಲ್ಲ ಎಂದು ಸ್ವಲ್ಪ ಹೊಟ್ಟೆ ಉರಿಯಿತು. ಅವರು ಹೇಳಿದ ಇನ್ನೊಂದು ಮಾತು ನನಗೆ ಇನ್ನೂ ಉಪಯೋಗಕ್ಕೆ ಬಂದಿತು: ಆರ್ಡರನ್ನು ಬಾಯಲ್ಲಿ ಕೂಗಿದಾಗ ಅಡುಗೆಯವರಿಗೆ ಅದು ಅಪ್ಪಣೆಯಂತೆ ಕೇಳಿ ಕೆರಳಿಸುತ್ತದೆ, ಚೀಟಿಯಲ್ಲಿ ಬರೆದು ಕಡ್ಡಿಗೆ ಚುಚ್ಚಿಟ್ಟರೆ ಅದೇ ಆರ್ಡರ್ ಜಗಳವಿಲ್ಲದೆ ಸಾಗುತ್ತದೆ. ನಾವು ಒಳಗೆ ಹೋಗಿ ಕೂಗುವುದನ್ನು ನಿಲ್ಲಿಸಿ ಚೀಟಿಯ ಸಾಲನ್ನು ಕಟ್ಟುನಿಟ್ಟಾಗಿ ಪಾಲಿಸಿದ ಮೇಲೆ, ಅಡುಗೆಯವರ ಬೈಗುಳವನ್ನು ಮುಖದಲ್ಲಿ ಹೊತ್ತು ಟೇಬಲ್ಲಿಗೆ ಬರುವುದು ಬಹುಮಟ್ಟಿಗೆ ನಿಂತಿತು.

ಒಂದು ವಿಷಯದಲ್ಲಿ ಮಾತ್ರ ಚೀಟಿ ಸಾಲದು. ತನಗೆ ಶೇಂಗಾ ಅಥವಾ ಹಾಲು ಅಲರ್ಜಿ ಎಂದು ಯಾರಾದರೂ ಹೇಳಿದರೆ ಚೀಟಿಯಲ್ಲಿ ಬರೆದು, ಜೊತೆಗೆ ಅಡುಗೆಯವರ ಮುಖ ನೋಡಿ ಹೇಳಿ ಬರಬೇಕು. "ಬಹುಶಃ ಇರಲಿಕ್ಕಿಲ್ಲ" ಎಂಬ ಉತ್ತರ ಜೀವ ತೆಗೆಯಬಲ್ಲದು, ಮೇಲೆ ಉದುರಿಸಿದ ಕಾಳನ್ನು ಆರಿಸಿ ತೆಗೆದು ಅದೇ ತಟ್ಟೆಯನ್ನು ಮರಳಿ ತರುವುದೂ ಅಷ್ಟೇ ಅಪಾಯ. ಇಂಥ ಗಿರಾಕಿ ನಾಲ್ಕು ಸಲ ಒಂದೇ ಪ್ರಶ್ನೆ ಕೇಳಿದರೆ ಅವರನ್ನು ಕಿರಿಕಿರಿಯವರ ಪಟ್ಟಿಗೆ ಸೇರಿಸುವುದು ನಮ್ಮ ತಪ್ಪು.

ಬಿಲ್ಲಿನ ತಕರಾರು ಸುಲಭದ್ದು. "ನೀವೇ ಹೇಳಿದ್ದಿರಿ" ಎನ್ನದೆ ಬಿಲ್ಲನ್ನೂ ಆರ್ಡರ್ ಚೀಟಿಯನ್ನೂ ಅಕ್ಕಪಕ್ಕ ಇಟ್ಟು ಒಂದೊಂದೇ ಸಾಲು ಒಟ್ಟಿಗೆ ಓದಿದರೆ ಹತ್ತರಲ್ಲಿ ಒಂಬತ್ತು ಮುಗಿಯುತ್ತವೆ. ಗಿರಾಕಿ ಬಾಗಿಲು ದಾಟುವವರೆಗೆ ಚೀಟಿ ಎಸೆಯಬಾರದು. ಹಣ ಕೊಡುವ ತನಕ ಆರ್ಡರ್ ಬಾಯಿಪಾಠವಾಗಿದ್ದು, ಕೊಟ್ಟ ಮರುಕ್ಷಣ ತಲೆಯಿಂದ ಅಳಿಸಿಹೋಗುವುದು ನಮ್ಮಲ್ಲಿ ಎಲ್ಲರ ಅನುಭವ. (ಮುಗಿಯದ ಕೆಲಸ ಹೆಚ್ಚು ನೆನಪಿರುತ್ತದೆ ಎಂದು 1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ ಪ್ರಕಟಿಸಿದ ಅಧ್ಯಯನಕ್ಕೆ ಪ್ರೇರಣೆ ಸಪ್ಲೈಯರುಗಳ ಈ ಗುಣವೇ ಎಂಬ ಕಥೆಯಿದೆ.) ಕುಡಿದು ಬಂದವರ ಜೊತೆ ವಾದ ಬೇಡವೇ ಬೇಡ, ಜೊತೆಯಲ್ಲಿ ಸ್ವಲ್ಪ ಎಚ್ಚರವಾಗಿರುವವರನ್ನು ಪಕ್ಕಕ್ಕೆ ಕರೆದು ಮಾತಾಡುವುದು, ನೀರನ್ನು ಬೇಗ, ಉಳಿದದ್ದನ್ನು ನಿಧಾನವಾಗಿ ತರುವುದು, ಇಷ್ಟೇ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸಿಟ್ಟಿಗೆ ಕಾರಣವಿರುವ ಗಿರಾಕಿಯ ಮಾತು. ಕಾರಣವಿಲ್ಲದೆ ಅವಮಾನಿಸುವವರು, ಮೈಮುಟ್ಟುವವರು ಬೇರೆ ಜಾತಿ, ಅವರ ಮುಂದೆ ಮೇಲಿನ ಯಾವ ಜಾಣತನವೂ ನಡೆಯುವುದಿಲ್ಲ. ನಾನು ಕೆಲಸ ಮಾಡಿದ ಒಂದು ಕಡೆ, ಜೊತೆಯಲ್ಲಿದ್ದ ಹುಡುಗಿಯ ಕೈಯನ್ನು ಹಿಡಿದು ಬಿಡದಿದ್ದ ಗಿರಾಕಿಯೊಬ್ಬನ ಬಳಿಗೆ ಮ್ಯಾನೇಜರ್ ಹೋದರು. ಆದರೆ ಹೋಗಿ ಕ್ಷಮೆ ಕೇಳಿದ್ದು ಅವನಲ್ಲಿ. ಆಮೇಲೆ ಆಕೆಯನ್ನು ಆ ಟೇಬಲ್ಲಿನಿಂದ ಬದಲಿಸಿ ನನ್ನನ್ನು ಹಾಕಿದರು. ಆ ರಾತ್ರಿ ಅವನು ಬಿಟ್ಟುಹೋದ ಟಿಪ್ಸ್ ನನ್ನ ಜೇಬಿಗೆ ಬಂತು. ಅದನ್ನು ಆಕೆಗೆ ಕೊಡಲು ಹೋದೆ, ಆಕೆ ತೆಗೆದುಕೊಳ್ಳಲಿಲ್ಲ. ತಿಂಗಳು ತುಂಬುವ ಮೊದಲೇ ಕೆಲಸ ಬಿಟ್ಟಳು.

ಟೇಬಲ್ ಬದಲಿಸುವುದು ಪರಿಹಾರವೆಂದು ಎಲ್ಲ ಕಡೆ ನಡೆದುಕೊಂಡು ಬಂದಿದೆ, ಆದರೆ ಅದರಲ್ಲಿ ನಷ್ಟವಾಗುವುದು ಪೆಟ್ಟು ತಿಂದವಳಿಗೇ. ಕ್ಯಾಪ್ಟನ್ ಆದ ಮೇಲೆ ನಾನು ಮಾಲೀಕರ ಜೊತೆ ಕೂತು ಒಪ್ಪಿಸಿದ ನಿಯಮ ಹೀಗಿದೆ: ನಮ್ಮವರಿಂದ ಕಿರುಕುಳದ ದೂರು ಬಂದ ಕೂಡಲೇ, ಸಾಕ್ಷಿ ಕೇಳದೆ, ಟೇಬಲ್ಲಿಗೆ ಕ್ಯಾಪ್ಟನ್ ಹೋಗುತ್ತಾನೆ; ಒಮ್ಮೆ ಮಾತಿನಲ್ಲಿ ಹೇಳುತ್ತಾನೆ; ಎರಡನೆಯ ಸಲಕ್ಕೆ ಬಿಲ್ ಇಡುತ್ತಾನೆ; ಆ ಟೇಬಲ್ಲಿನ ಟಿಪ್ಸ್ ಯಾರೇ ಮುಗಿಸಿದರೂ ಮೊದಲು ನಿಂತವರಿಗೇ ಸೇರುತ್ತದೆ. ಮಾಲೀಕರನ್ನು ಒಪ್ಪಿಸಲು ನೆರವಾದದ್ದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ 190ನೆಯ ಒಡಂಬಡಿಕೆ. ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ ಬಗೆಗಿನ ಆ ಒಡಂಬಡಿಕೆ ಮಾಲೀಕ, ಸಹೋದ್ಯೋಗಿಗಳನ್ನಷ್ಟೇ ನೋಡದೆ ಹೊರಗಿನವರಿಂದಾಗುವ ಕಿರುಕುಳವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದು ತನ್ನನ್ನು ಒಪ್ಪಿಕೊಂಡ ದೇಶಗಳನ್ನಷ್ಟೇ ಕಟ್ಟಿಹಾಕುತ್ತದೆ ಎಂಬುದು ನಿಜ. ಆದರೂ "ಗಿರಾಕಿ ಮಾಡಿದ್ದಕ್ಕೆ ನಾವೇನು ಮಾಡಲಾದೀತು" ಎಂಬ ಮಾತಿಗೆ ಉತ್ತರವಾಗಿ ಮುಂದಿಡಲು ನನ್ನ ಬಳಿ ಒಂದು ಕಾಗದವಿತ್ತು.

ದುಡ್ಡಿನ ವಿಷಯಕ್ಕೆ ಬಂದರೆ ಅದೇ ಸಂಘಟನೆಯ 1991ರ 172ನೆಯ ಒಡಂಬಡಿಕೆ ಹೋಟೆಲು ರೆಸ್ಟೋರೆಂಟುಗಳಿಗೆಂದೇ ಮಾಡಿದ್ದು. ಗಿರಾಕಿ ತಾನು ಕೊಡಬೇಕಾದದ್ದರ ಮೇಲೆ ಮನಸ್ಸಾರೆ ಕೊಡುವ ಹಣವೇ ಟಿಪ್ಸ್ ಎಂದೂ, ಟಿಪ್ಸ್ ಬರಲಿ ಬಿಡಲಿ ಕೆಲಸಗಾರನಿಗೆ ಮೂಲ ವೇತನ ಕ್ರಮವಾಗಿ ಸಲ್ಲಬೇಕೆಂದೂ ಅದು ಹೇಳುತ್ತದೆ. ಸಂಬಳ ಕಡಿಮೆ ಇಟ್ಟು ಉಳಿದದ್ದನ್ನು ಟಿಪ್ಸ್‌ನಲ್ಲಿ ತುಂಬಿಸಿಕೋ ಎನ್ನುವ ಕಡೆ, ಅವಮಾನವನ್ನು ನುಂಗಿದರೆ ಎಷ್ಟು ಸಿಗುತ್ತದೆ ಎಂದು ಸಪ್ಲೈಯರ್ ಪ್ರತಿ ಟೇಬಲ್ಲಿನಲ್ಲೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ನಾನೂ ಹಾಕಿದ್ದೇನೆ. ಇದಕ್ಕಿಂತ ಕೆಟ್ಟದ್ದೆಂದರೆ ಬಿಲ್ ಕೊಡದೆ ಹೋದವರ ಹಣವನ್ನು ನಮ್ಮ ಸಂಬಳದಲ್ಲಿ ಮುರಿದುಕೊಳ್ಳುವುದು; ಇಬ್ಬರ ಹಿಂದೆ ರಸ್ತೆಗೆ ಓಡಿ, ವಾಹನಗಳ ನಡುವೆ ನಿಂತು, ಒಂದು ಊಟದ ಬೆಲೆಗಾಗಿ ಪ್ರಾಣ ಪಣಕ್ಕಿಟ್ಟಿದ್ದೇನೆ ಎಂದು ಹೊಳೆದದ್ದು ನನಗೆ ಮರಳಿ ಬಂದು ಕೂತ ಮೇಲೆ. ನನ್ನ ಕೈಕೆಳಗಿನವರು ಯಾರೂ ಬಾಗಿಲಿನಿಂದಾಚೆ ಬೆನ್ನಟ್ಟಬಾರದು ಎಂದು ನಾನು ಮೊದಲ ದಿನವೇ ಹೇಳುತ್ತೇನೆ.

ಕ್ಯಾಪ್ಟನ್ ಆದ ಎರಡನೆಯ ವರ್ಷ ದೂರಿನ ಪುಸ್ತಕವೊಂದನ್ನು ಇಟ್ಟೆ. ಯಾವ ಟೇಬಲ್, ಎಷ್ಟು ಗಂಟೆ, ಏನು ಮಾತು, ಯಾರು ನಿಂತಿದ್ದರು, ಅವರು ಊಟ ಮಾಡಿ ಎಷ್ಟು ಹೊತ್ತಾಗಿತ್ತು, ಇಷ್ಟನ್ನೇ ಬರೆಯುತ್ತಿದ್ದೆ. ಮೂರು ತಿಂಗಳ ಬಳಿಕ ತಿರುವಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ದೂರುಗಳು ರಾತ್ರಿ ಒಂಬತ್ತೂವರೆಯ ನಂತರದವು, ಗಿರಾಕಿಗಳು ಅಷ್ಟೇನೂ ಹೆಚ್ಚಿರದ ಹೊತ್ತಿನವು. ನಮ್ಮ ಹುಡುಗರು ಮಧ್ಯಾಹ್ನ ಮೂರಕ್ಕೆ ಉಂಡವರು ಮತ್ತೆ ಉಣ್ಣುತ್ತಿದ್ದುದು ಹನ್ನೊಂದಕ್ಕೆ. ಮಾಲೀಕರ ಮುಂದೆ ಪುಸ್ತಕ ತೆರೆದಿಟ್ಟು, ರಾತ್ರಿಯ ಪಾಳಿಗೆ ಮೊದಲು ಆರೂವರೆಗೆ ಎಲ್ಲರಿಗೂ ಊಟ, ಒಂಬತ್ತರ ಹೊತ್ತಿಗೆ ಸರದಿಯಲ್ಲಿ ಹತ್ತು ಹತ್ತು ನಿಮಿಷ ಕೂರುವ ಬಿಡುವು ಕೇಳಿದೆ. ಊಟಕ್ಕೆ ತಕ್ಷಣ ಒಪ್ಪಿದರು, ಬಿಡುವಿಗೆ ಒಪ್ಪಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಮಧ್ಯಾಹ್ನದ ಒಡೆದ ಪಾಳಿ ಮಾತ್ರ ಹಾಗೆಯೇ ಇದೆ. ಸಾಮಾನಿನ ಕೋಣೆಯಲ್ಲಿ ಮೂಟೆಗಳನ್ನು ಸರಿಸಿ ಎರಡು ಮಂಚ ಹಾಕಿಸಿದ್ದೇವೆ, ಮಲಗಬೇಕಾದವರು ಐದು ಜನ.