ಅಟ್ಲಾಂಟಿಕ್ ಮೇಲೆ ನಾಲ್ಕೂವರೆ ಗಂಟೆ

ನ್ಯೂಯಾರ್ಕ್‌ನಿಂದ ಲಂಡನ್‌ಗೆ ರಾತ್ರಿ ವಿಮಾನ ಸುಮಾರು ಆರೂವರೆ ಗಂಟೆ. ವಿಮಾನ ಮೇಲೇರಿ ಸೀಟ್ ಬೆಲ್ಟ್ ದೀಪ ಆರುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಇಳಿಯುವುದಕ್ಕೆ ಒಂದೂವರೆ ಗಂಟೆ ಇರುವಾಗಲೇ ದೀಪ ಹಾಕಿ ತಿಂಡಿ ಹಂಚಲು ಶುರು ಮಾಡುತ್ತಾರೆ. ನಿದ್ದೆಗೆ ಉಳಿಯುವುದು ನಾಲ್ಕೂವರೆ ಗಂಟೆ. ಸೀಟೇ ಹಾಸಿಗೆಯಾಗುವ ಬಿಸಿನೆಸ್ ಕ್ಲಾಸ್‌ಗೆ ಕೊಡುವ ಅಷ್ಟೂ ದುಡ್ಡು ಆ ನಾಲ್ಕೂವರೆ ಗಂಟೆಗೇ ಎಂದು ನಾನು ಲೆಕ್ಕ ಹಾಕುತ್ತೇನೆ.

ಮೊದಲ ಸಲ ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ನಾನಿರುವುದು ನ್ಯೂಜೆರ್ಸಿಯಲ್ಲಿ. ಆಫೀಸಿನ ಕೆಲಸಕ್ಕೆ ಲಂಡನ್‌ಗೆ ಹೊರಟಿದ್ದೆ, ಟಿಕೆಟ್ ಕಂಪನಿಯದು. ಸಂಜೆ ಆರೂವರೆಯ ವಿಮಾನ. ಬಿಳಿ ಬಟ್ಟೆ ಹಾಸಿ, ಒಂದಾದ ಮೇಲೊಂದು ತಟ್ಟೆ ತಂದಿಟ್ಟರು. ನಿಧಾನವಾಗಿ ಉಂಡೆ. ಒಂದು ಸಿನಿಮಾ ನೋಡಿದೆ. ಆಮೇಲೆ ಸೀಟನ್ನು ಹಾಸಿಗೆ ಮಾಡಿ ಮಲಗಿದೆ. ಅದು ಹಳೆಯ ವಿಮಾನ, ಸೀಟುಗಳು ಎರಡು-ಎರಡು-ಎರಡು. ಕಿಟಕಿ ಪಕ್ಕದವರು ಬಾತ್‌ರೂಮಿಗೆ ಹೋಗಬೇಕಾದರೆ ನನ್ನ ಕಾಲು ದಾಟಿಯೇ ಹೋಗಬೇಕು. ಎರಡು ಸಲ ದಾಟಿದರು. ಕಣ್ಣು ಮುಚ್ಚಿತು ಅನ್ನುವಷ್ಟರಲ್ಲಿ ದೀಪ ಹತ್ತಿತು. ಲಂಡನ್‌ನಲ್ಲಿ ಬೆಳಿಗ್ಗೆ ಆರು ಗಂಟೆ, ನನ್ನ ಮೈಗೆ ಇನ್ನೂ ರಾತ್ರಿ ಒಂದು. ಹೋಟೆಲಿನಲ್ಲಿ ಮಧ್ಯಾಹ್ನ ಮೂರರವರೆಗೆ ರೂಮ್ ಇಲ್ಲ ಎಂದರು. ಹತ್ತು ಗಂಟೆಯ ಮೀಟಿಂಗ್‌ನಲ್ಲಿ ಏನು ಮಾತಾಡಿದೆ ಎಂದು ಈಗಲೂ ಸರಿಯಾಗಿ ನೆನಪಿಲ್ಲ.

ಪೂರ್ವಕ್ಕೆ ಹೋಗುವಾಗ ಸಮಯ ಯಾಕೆ ಇಷ್ಟು ಕಮ್ಮಿ ಎಂದು ಆಮೇಲೆ ತಿಳಿದುಕೊಂಡೆ. ವಿಮಾನ ಹಾರುವ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಲಂಡನ್ ಕಡೆಯ ವಿಮಾನ ಅದರ ಬೆನ್ನೇರಿ ಹೋಗುತ್ತದೆ. ನ್ಯೂಯಾರ್ಕ್ ಕಡೆಯದು ಆದಷ್ಟು ಅದನ್ನು ತಪ್ಪಿಸಿಕೊಂಡು ಬರುತ್ತದೆ, ಹಾಗಾಗಿ ಏಳೂವರೆ, ಎಂಟು ಗಂಟೆ ಬೇಕು. ಸಾಗರದ ಮೇಲಿನ ದಾರಿಗಳನ್ನು ಗಾಳಿ ನೋಡಿಕೊಂಡು ದಿನಕ್ಕೆ ಎರಡು ಸಲ ಹೊಸದಾಗಿ ಗುರುತು ಮಾಡುತ್ತಾರೆ. ರಾತ್ರಿ ಪೂರ್ವಕ್ಕೆ ಹೋಗುವವರಿಗೆ ಒಂದು ಗುಂಪು, ಹಗಲು ಪಶ್ಚಿಮಕ್ಕೆ ಹೋಗುವವರಿಗೆ ಇನ್ನೊಂದು. ಈ ದಾರಿಯಲ್ಲಿ ಅರ್ಧ ಸಾಗರದ ವಿಮಾನ ಸಂಚಾರವನ್ನು ಕೆನಡಾದ ಗ್ಯಾಂಡರ್ ನಿಯಂತ್ರಣ ಕೇಂದ್ರ ನೋಡಿಕೊಳ್ಳುತ್ತದೆ, ಬ್ರಿಟನ್, ಐರ್ಲೆಂಡ್ ಕಡೆಯ ಶಾನ್ವಿಕ್ ಉಳಿದರ್ಧ. ಎರಡರ ಗಡಿ ಪಶ್ಚಿಮ ರೇಖಾಂಶ 30 ಡಿಗ್ರಿ. ಎದುರಿನ ಮ್ಯಾಪಿನಲ್ಲಿ ವಿಮಾನ ಆ ಗೆರೆ ದಾಟುವುದನ್ನು ನೋಡುವುದು ನನಗೆ ಇಷ್ಟ. ಆದರೆ ರಾತ್ರಿ ವಿಮಾನದಲ್ಲಿ ಅದನ್ನು ನೋಡುತ್ತಾ ಕೂತಿದ್ದೇನೆ ಎಂದರೆ ನಿದ್ದೆ ಹಾಳಾಗಿದೆ ಎಂದರ್ಥ.

ಚಳಿಗಾಲದಲ್ಲಿ ಈ ಗಾಳಿ ಇನ್ನೂ ಜೋರು. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ನ ಹೀಥ್ರೋಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತ್ತು. ಎಕಾನಮಿಯಲ್ಲಿ ಕೂತವರಿಗೆ ಅದು ಖುಷಿಯ ಸುದ್ದಿ. ಹಾಸಿಗೆಗೆ ದುಡ್ಡು ಕೊಟ್ಟವರಿಗೆ ಅಷ್ಟೂ ನಿದ್ದೆ ಕೈಬಿಟ್ಟ ಹಾಗೆ, ಅಲ್ವಾ?

ಹಾಗಾಗಿ ಈಗ ನಾನು ಹಗಲು ಹೊತ್ತಿನ ಪಶ್ಚಿಮದ ಪ್ರಯಾಣಕ್ಕೆ ಬಿಸಿನೆಸ್ ಕ್ಲಾಸ್ ತಗೊಳ್ಳುವುದೇ ಇಲ್ಲ. ಪ್ರೀಮಿಯಂ ಎಕಾನಮಿ ಸಾಕು. ಪುಸ್ತಕ ಓದುತ್ತಾ ಬರುತ್ತೇನೆ. ಪೂರ್ವಕ್ಕೆ ಮಾತ್ರ ಹಾಸಿಗೆ, ಅದೂ ಕ್ರೆಡಿಟ್ ಕಾರ್ಡಿನ ಪಾಯಿಂಟ್ಸ್‌ನಲ್ಲಿ. ದುಡ್ಡು ಕೊಟ್ಟು ಒಂದು ಕಡೆಗೆ ಮಾತ್ರ ಟಿಕೆಟ್ ತಗೊಂಡರೆ ಎಷ್ಟೋ ಸಲ ಹೋಗಿಬರುವ ಟಿಕೆಟ್‌ಗಿಂತ ಜಾಸ್ತಿ ಬೀಳುತ್ತದೆ. ಪಾಯಿಂಟ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಕಡೆಗೆ ಅರ್ಧ ಬೆಲೆಯೇ. ಒಂದು ಎಚ್ಚರಿಕೆ: ಸೀಟು ಇದೆ ಎಂದು ಕಣ್ಣಾರೆ ನೋಡುವ ತನಕ ಕಾರ್ಡಿನ ಪಾಯಿಂಟ್ಸನ್ನು ಏರ್‌ಲೈನ್‌ಗೆ ಕಳಿಸಬೇಡಿ. ಕಳಿಸಿದ್ದು ವಾಪಸ್ ಬರುವುದಿಲ್ಲ. ಬ್ರಿಟನ್‌ನಿಂದ ಹೊರಡುವಾಗ ಎಕಾನಮಿಗಿಂತ ಮೇಲಿನ ಕ್ಲಾಸ್‌ಗಳಿಗೆ, ಪ್ರೀಮಿಯಂ ಎಕಾನಮಿಗೂ ಸೇರಿ, ಅಲ್ಲಿನ ಸರ್ಕಾರದ ತೆರಿಗೆಯೂ ಜಾಸ್ತಿ. ಪಾಯಿಂಟ್ಸ್ ಕೊಟ್ಟರೂ ಅದನ್ನು ಕೈಯಿಂದಲೇ ಕಟ್ಟಬೇಕು.

ರಾತ್ರಿ ಹೋಗಲೇಬೇಕು ಎಂದರೆ ಹತ್ತು ಗಂಟೆಯ ಮೇಲೆ ಹೊರಡುವ ವಿಮಾನ ಹುಡುಕುತ್ತೇನೆ. ಸಂಜೆ ಆರಕ್ಕೆ ಯಾರಿಗೆ ನಿದ್ದೆ ಬರುತ್ತದೆ? ಊಟ ಏರ್‌ಪೋರ್ಟಿನ ಲಾಂಜ್‌ನಲ್ಲೇ, ಎಂಟು ಗಂಟೆಗೆ. ಕಾಫಿ ಮಧ್ಯಾಹ್ನವೇ ಕೊನೆ. ಹತ್ತುವ ಮೊದಲೇ ಹಳೆಯ ಹತ್ತಿ ಪೈಜಾಮ ಹಾಕಿಕೊಂಡು ಹಲ್ಲುಜ್ಜುತ್ತೇನೆ. ಒಳಗೆ ಹೋದ ತಕ್ಷಣ ಸಿಬ್ಬಂದಿಗೆ ಹೇಳಿಬಿಡುತ್ತೇನೆ, ನನಗೆ ಊಟ ಬೇಡ, ತಿಂಡಿಗೂ ಎಬ್ಬಿಸಬೇಡಿ ಎಂದು. ಮಲಗಿದ ಮೇಲೆ ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವ ಹಾಗೆ ಹಾಕುತ್ತೇನೆ. ಹೊದಿಕೆಯ ಒಳಗಿದ್ದರೆ ವಿಮಾನ ಕುಲುಕಿದಾಗಲೆಲ್ಲ ಬೆಲ್ಟ್ ಇದೆಯಾ ಎಂದು ನೋಡಲು ಎಬ್ಬಿಸುತ್ತಾರೆ. ಇಷ್ಟು ಮಾಡಿದರೆ ನಾಲ್ಕೂಕಾಲು ಗಂಟೆ ನಿದ್ದೆ ಗ್ಯಾರಂಟಿ. ಹೀಥ್ರೋದಲ್ಲಿ ಕೆಲವು ಏರ್‌ಲೈನ್‌ಗಳಿಗೆ ಇಳಿದವರ ಲಾಂಜ್ ಅಂತಲೇ ಇದೆ. ಟಿಕೆಟ್‌ಗೆ ಅದು ಸೇರಿದ್ದರೆ ಅಲ್ಲಿ ಸ್ನಾನ ಮಾಡಿಕೊಂಡೇ ಊರೊಳಗೆ ಹೋಗುತ್ತೇನೆ.

ಸೀಟು ಆರಿಸುವಾಗ ಏರ್‌ಲೈನ್ ಹೆಸರಿಗಿಂತ ವಿಮಾನ ಯಾವುದು ಎಂದು ನೋಡಬೇಕು. ಒಂದೇ ಏರ್‌ಲೈನ್‌ನಲ್ಲಿ ಒಂದು ವಿಮಾನ ಹೊಸದು, ಇನ್ನೊಂದು ಹಳೆಯದು. ಒಂದು-ಎರಡು-ಒಂದು ಜೋಡಣೆ ಇದ್ದರೆ ಯಾರೂ ಯಾರ ಕಾಲನ್ನೂ ದಾಟಬೇಕಿಲ್ಲ. ಬೋಯಿಂಗ್ 787 ಅಥವಾ ಏರ್‌ಬಸ್ ಎ350 ಸಿಕ್ಕರೆ ಇನ್ನೂ ಒಳ್ಳೆಯದು. ಅವುಗಳ ಒಳಗಿನ ಗಾಳಿಯ ಒತ್ತಡ ಸುಮಾರು 6,000 ಅಡಿ ಎತ್ತರದಲ್ಲಿ ಇದ್ದ ಹಾಗೆ. ಹಳೆಯ ವಿಮಾನಗಳಲ್ಲಿ ಅದು 8,000 ಅಡಿಯವರೆಗೂ ಹೋಗುತ್ತದೆ. ಎದ್ದಾಗ ತಲೆ ಎಷ್ಟು ಭಾರ ಇರುತ್ತದೆ ಎನ್ನುವುದರಲ್ಲಿ ನನಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಅಡುಗೆ ಮಾಡುವ ಜಾಗದ ಪಕ್ಕದ ಸೀಟು ಬೇಡವೇ ಬೇಡ. ರಾತ್ರಿಯೆಲ್ಲ ಬೆಳಕು, ಟ್ರೇಗಳ ಸದ್ದು.

ಇಷ್ಟೆಲ್ಲ ನನ್ನೊಬ್ಬನ ಪ್ರಯಾಣದ ಮಾತು. ಒಂದು ಅಕ್ಟೋಬರ್‌ನಲ್ಲಿ ಅಮ್ಮನನ್ನು ಲಂಡನ್‌ನಲ್ಲಿರುವ ಅಕ್ಕನ ಮನೆಗೆ ಕರೆದುಕೊಂಡು ಹೋಗಬೇಕಾಯಿತು. ಅಮ್ಮನಿಗೆ ಎಪ್ಪತ್ತೊಂದು ವರ್ಷ. ಒಂದು ಮಂಡಿಗೆ ಆಪರೇಷನ್ ಆಗಿತ್ತು. ಭಾರತದ ಪಾಸ್‌ಪೋರ್ಟ್ ಆದ್ದರಿಂದ ಬ್ರಿಟನ್ ವೀಸಾ ಮೊದಲೇ ಮಾಡಿಸಿದ್ದೆ. ರಾತ್ರಿ ವಿಮಾನದ ಆ ಅರ್ಧಂಬರ್ಧ ನಿದ್ದೆ ಅಮ್ಮನಿಗೆ ಕೊಡಲು ಮನಸ್ಸು ಬರಲಿಲ್ಲ. ಹುಡುಕಿದೆ. ನ್ಯೂಯಾರ್ಕ್‌ನಿಂದ ಬೆಳಿಗ್ಗೆ ಎಂಟರ ಸುಮಾರಿಗೆ ಹೊರಟು ರಾತ್ರಿ ಎಂಟರ ಹೊತ್ತಿಗೆ ಲಂಡನ್ ತಲುಪುವ ಹಗಲು ವಿಮಾನಗಳೂ ಇವೆ. ಸಂಖ್ಯೆ ಕಮ್ಮಿ. ಇಷ್ಟು ವರ್ಷ ನಾನು ಅವುಗಳ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ, ಒಂದು ದಿನ ಹಾಳು ಎಂದುಕೊಂಡಿದ್ದೆ.

ಹಗಲಾದರೆ ಬಿಸಿನೆಸ್ ಕ್ಲಾಸ್ ಯಾಕೆ ಎಂದು ಅಕ್ಕ ಫೋನಿನಲ್ಲಿ ಕೇಳಿದಳು. ಮಂಡಿಗೆ ಎಂದೆ. ಗಂಟೆಗಟ್ಟಲೆ ಕಾಲು ಮಡಚಿ ಕೂತರೆ ಅಮ್ಮನ ಪಾದ ಊದಿಕೊಳ್ಳುತ್ತದೆ. ಕಾಲು ಚಾಚಿಕೊಂಡು, ಬೇಕಾದಾಗ ಎದ್ದು ನಾಲ್ಕು ಹೆಜ್ಜೆ ನಡೆಯುವ ಜಾಗ ಬೇಕಿತ್ತು. ಡಾಕ್ಟರ್ ಹೇಳಿದ್ದ ಬಿಗಿ ಸಾಕ್ಸ್ ಮನೆಯಲ್ಲೇ ಹಾಕಿಸಿದೆ. ಗಾಲಿಕುರ್ಚಿ ಬೇಕು ಎಂದು ಎರಡು ದಿನ ಮೊದಲೇ ತಿಳಿಸಿದ್ದೆ.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಮ್ಮವರು ತುಂಬಾ ಜನ ಇಲ್ಲಿ ಎಡವುತ್ತಾರೆ. ಬುಕ್ ಮಾಡುವಾಗ ಪಟ್ಟಿಯಲ್ಲಿ 'ಹಿಂದೂ ಮೀಲ್' ಎಂದು ಇರುತ್ತದೆ. ಅದು ಸಸ್ಯಾಹಾರ ಅಲ್ಲ. ದನದ ಮಾಂಸ ಇರುವುದಿಲ್ಲ, ಆದರೆ ಕೋಳಿ, ಕುರಿ, ಮೀನು ಇರಬಹುದು. ನಮ್ಮ ಕಡೆಯ ಸಸ್ಯಾಹಾರ ಬೇಕಾದರೆ 'ಏಷ್ಯನ್ ವೆಜಿಟೇರಿಯನ್' ಆರಿಸಬೇಕು. ಅಮ್ಮ ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಅವರಿಗೆ 'ಜೈನ್ ಮೀಲ್' ಹೇಳಿದೆ. ಇದನ್ನೆಲ್ಲ ಕಮ್ಮಿ ಎಂದರೂ 24 ಗಂಟೆ ಮೊದಲು ಹೇಳಬೇಕು. ವಿಮಾನ ಹತ್ತಿದ ಮೇಲೆ ಕೇಳಿದರೆ ಸುಮ್ನೆ ಹಣ್ಣು, ಬ್ರೆಡ್ಡಿನಲ್ಲಿ ಹೊಟ್ಟೆ ತುಂಬಿಸಬೇಕು. ಅಮ್ಮ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡರು. ಅಕ್ಕನಿಗೆಂದು ಕಾಯಿಸಿದ ತುಪ್ಪ ಮಾತ್ರ ಬಿಡಿಸಿದೆ. ಅಮೆರಿಕದಿಂದ ಹಾಲಿನ ಪದಾರ್ಥ ಬ್ರಿಟನ್‌ಗೆ ಒಯ್ಯುವ ಹಾಗಿಲ್ಲ.

ಮಧ್ಯದ ಜೋಡಿ ಸೀಟು ತಗೊಂಡರೆ ಪಕ್ಕದಲ್ಲೇ ಇರಬಹುದು ಎಂದುಕೊಂಡಿದ್ದೆ. ಅಮ್ಮನಿಗೆ ಕಿಟಕಿಯೇ ಬೇಕು. ಅವರಿಗೆ ಕಿಟಕಿ, ನನಗೆ ದಾರಿಯ ಈ ಕಡೆಯದು. ಒಂದು ವಿಷಯ ಅವತ್ತೇ ಕಲಿತೆ. ಸೀಟು ಪೂರ್ತಿ ಹಾಸಿಗೆ ಆದಾಗ ತುಂಬಾ ತಗ್ಗಿಗೆ ಬರುತ್ತದೆ. ಅಷ್ಟು ತಗ್ಗಿನಿಂದ ಆಪರೇಷನ್ ಆದ ಮಂಡಿ ಊರಿ ಏಳಲು ಆಗುವುದಿಲ್ಲ. ಮೊದಲ ಸಲ ಅಮ್ಮ ನನ್ನ ಕೈ ಹಿಡಿದು ನೋವಿನಿಂದ ಎದ್ದರು. ಆಮೇಲೆ ಗುಂಡಿ ತೋರಿಸಿಕೊಟ್ಟೆ: ಮಲಗಿದ ಹಾಗೆಯೇ ಇದನ್ನು ಒತ್ತು, ಸೀಟು ತಾನಾಗಿ ಎದ್ದು ಕೂರಿಸುತ್ತದೆ, ಆಮೇಲೆ ಕಾಲು ಕೆಳಗಿಡು. ಎರಡನೇ ಸಲ ನಾನು ಏಳುವ ಮೊದಲೇ ತಾವೇ ಎದ್ದು ನಿಂತಿದ್ದರು. ಇನ್ನೊಂದು, ಕಾಲು ಇಡುವ ಗೂಡು ಮುಂದಿನ ಸೀಟಿನ ಒಳಗೆ ಚೂಪಾಗಿ ಹೋಗುತ್ತದೆ. ಮೊದಲ ಸಾಲಿನಲ್ಲಿ ಅದು ಸಾಮಾನ್ಯವಾಗಿ ಅಗಲ. ಪಾದ ಆಡಿಸಲು ಜಾಗ ಬೇಕಾದವರು ಆ ಸಾಲನ್ನೇ ನೋಡಬೇಕು.

"ರೈಲಿನ ಲೋವರ್ ಬರ್ತ್ ಇದ್ದ ಹಾಗಿದೆ ಕಣೋ," ಎಂದರು ಅಮ್ಮ. ಅರಸೀಕೆರೆಯಿಂದ ರಾತ್ರಿ ರೈಲು ಹತ್ತಿ ನಮ್ಮಿಬ್ಬರನ್ನೂ ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದ ದಿನಗಳ ಮಾತು ಬಂತು. ಸಿನಿಮಾ ಹಾಕಲಿಲ್ಲ. ಮ್ಯಾಪ್ ಬೇಕೆಂದರು. 30 ಡಿಗ್ರಿಯ ಗೆರೆ ದಾಟುವುದನ್ನು ತೋರಿಸಿದೆ. ಐರ್ಲೆಂಡಿನ ಹತ್ತಿರ ಬರುವಾಗ ಹೊರಗೆ ಕತ್ತಲಾಗುತ್ತಿತ್ತು. ಅಮ್ಮ ಕೈಗಡಿಯಾರ ತೋರಿಸಿ, "ಇನ್ನೂ ಮಧ್ಯಾಹ್ನ ಎರಡು ಗಂಟೆ ಅಲ್ವೇನೋ?" ಎಂದರು. ಅದು ನ್ಯೂಜೆರ್ಸಿಯ ಗಂಟೆ. ಐದು ಗಂಟೆ ಮುಂದಕ್ಕೆ ತಿರುಗಿಸಿಕೊಟ್ಟೆ.

ಅಕ್ಕನ ಮನೆ ಸೇರಿದಾಗ ರಾತ್ರಿ ಹತ್ತು. ಅನ್ನ, ತಿಳಿಸಾರು ಕಾದಿತ್ತು. ಅಮ್ಮನಿಗೆ ನಿದ್ದೆ ಬರಲು ಸ್ವಲ್ಪ ತಡವಾಯಿತು, ಆದರೆ ಬಂದದ್ದು ಮನೆಯ ಹಾಸಿಗೆಯಲ್ಲಿ ಬಂತು. ಬೆಳಿಗ್ಗೆ ಎಂಟಕ್ಕೆ ಎದ್ದು ಕಾಫಿ ಕೇಳಿದರು.

ಹನ್ನೊಂದರ ಹೊತ್ತಿಗೆ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಹೋದೆವು. 2015ರಲ್ಲಿ ಅಲ್ಲಿಟ್ಟ ಬಸವಣ್ಣನ ಪ್ರತಿಮೆ ನೋಡಬೇಕು ಎಂದು ಅಮ್ಮ ಎರಡು ವರ್ಷದಿಂದ ಹೇಳುತ್ತಿದ್ದರು. ಕಾರಿನಿಂದ ಇಳಿದು ಅಷ್ಟು ದೂರ ಅಕ್ಕನ ತೋಳು ಹಿಡಿದು ನಡೆದೇ ಬಂದರು. ಕೈ ಮುಗಿದು ನಿಂತರು. ಆಮೇಲೆ ಬೆಂಚಿನಲ್ಲಿ ಕೂತು ಮಂಡಿ ಸವರಿಕೊಳ್ಳುತ್ತಾ, "ವಾಪಸ್ ಹೋಗುವಾಗಲೂ ಹಗಲು ವಿಮಾನವೇ ನೋಡು," ಎಂದರು. ಆ ಕಡೆಗೆ ಹೆಚ್ಚಿನವು ಹಗಲಿನವೇ ಅಮ್ಮ ಎಂದೆ.