ದರೋಜಿಯ ಬಂಡೆಗಳಲ್ಲಿ ಬಣ್ಣದ ಚಿಟ್ಟುಕೋಳಿಯನ್ನು ನೋಡುವ ಬಗೆ

ನವಿಲು, ಕಾಡುಕೋಳಿಗಳ ಕುಟುಂಬಕ್ಕೇ ಸೇರಿದ, ಭಾರತದ ಹೊರಗೆ ಎಲ್ಲಿಯೂ ನೆಲೆಯಿಲ್ಲದ ಬಣ್ಣದ ಚಿಟ್ಟುಕೋಳಿಯನ್ನು ಕಾಣಲು ಬಳ್ಳಾರಿ ಸೀಮೆಯವರು ಮಲೆನಾಡಿಗೆ ಹೋಗಬೇಕಿಲ್ಲ. ಒಣ ಗುಡ್ಡ, ಹೆಬ್ಬಂಡೆಗಳ ಸಂದು, ಅಲ್ಲಿ ಬೆಳೆದ ಮುಳ್ಳುಕಂಟಿ ಇವೇ ಅದರ ಮನೆ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದಲ್ಲಿ ಇವೆಲ್ಲವೂ ಇವೆ.

ಮೊದಲು ಹಕ್ಕಿಯ ಗುರುತು ಮನದಟ್ಟಾಗಿರಬೇಕು. ಗಂಡಿನ ತಲೆ ಕಪ್ಪು, ಅದರ ಮೇಲೆ ಬಿಳಿ ಚುಕ್ಕಿ, ಕೆಂಗಂದು ಬೆನ್ನು ಮತ್ತು ರೆಕ್ಕೆಗಳ ಮೇಲೆ ಕಪ್ಪು ಅಂಚಿನ ಬಿಳಿ ಚುಕ್ಕಿಗಳು, ಬಾಲ ಕಪ್ಪು. ಹೆಣ್ಣು ಮಾಸಲು ಕಂದು, ಚುಕ್ಕಿಗಳಿಲ್ಲ. ಅದನ್ನು ಗೌಜುಗವೆಂದು ತಪ್ಪು ತಿಳಿಯುವವರೇ ಹೆಚ್ಚು. ಗೌಜುಗದ ಮೈಮೇಲೆ ಸಣ್ಣ ಅಡ್ಡಗೆರೆಗಳಿರುತ್ತವೆ, ಅದು ಬಯಲಿನಲ್ಲಿ ಗಟ್ಟಿಯಾಗಿ ಕೂಗುತ್ತದೆ. ಚಿಟ್ಟುಕೋಳಿಯಾದರೋ ಬಂಡೆಯ ನೆರಳು ಬಿಟ್ಟು ದೂರ ಬರುವುದು ಅಪರೂಪ. ಗಂಡಿನ ಒಂದೊಂದು ಕಾಲಿನಲ್ಲೂ ಒಂದಕ್ಕಿಂತ ಹೆಚ್ಚು ಮುಳ್ಳುಗಳಿರುವುದುಂಟು, ಆದರೆ ದೂರದಿಂದ ಅವು ಕಾಣುವುದಿಲ್ಲ.

ಹುಡುಕುತ್ತ ನಡೆಯುವವನಿಗೆ ಈ ಹಕ್ಕಿ ಸಿಗುವುದಿಲ್ಲವೆಂದೇ ನನ್ನ ಅಭಿಪ್ರಾಯ. ಹೆಜ್ಜೆಯ ಸದ್ದು ಕೇಳಿದೊಡನೆ ಅದು ಹಾರದೆ ಓಡಿ ಸಂದಿಗೆ ನುಗ್ಗುತ್ತದೆ. ತೀರಾ ಹತ್ತಿರ ಹೋದರೆ ಮಾತ್ರ ರೆಕ್ಕೆ ಬಿಚ್ಚುತ್ತದೆ. ಆದ್ದರಿಂದ ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ, ತರಗೆಲೆ ಕೆದರಿದ ಗುರುತಿರುವ ಜಾಗದಿಂದ ಸಾಕಷ್ಟು ದೂರದಲ್ಲಿ, ದುರ್ಬೀನು ಹಿಡಿದು ಅಲುಗಾಡದೆ ಕುಳಿತುಕೊಳ್ಳಿ. ಬೀಜ, ಹಣ್ಣು, ಗೆದ್ದಲುಗಳನ್ನು ಹೆಕ್ಕುತ್ತ ಜೋಡಿಯೇ ಬಂಡೆಯ ಬುಡಕ್ಕೆ ಬರಬಹುದು. ಧಾಮದೊಳಗೆ ಅನುಮತಿಯಿರುವ ಹಾದಿ ಮತ್ತು ವೀಕ್ಷಣಾ ಗೋಪುರ ಬಿಟ್ಟು ಕದಲಬೇಡಿ. ಅದೇ ಸಂದುಗಳಲ್ಲಿ ಕರಡಿ, ಚಿರತೆಗಳೂ ಇರುತ್ತವೆ.

ಮೊಬೈಲಿನಲ್ಲಿ ಕೂಗು ಕೇಳಿಸಿ ಹಕ್ಕಿಯನ್ನು ಹೊರಗೆಳೆಯುವುದು, ಅದೂ ವರ್ಷದ ಮೊದಲರ್ಧದ ಮರಿಮಾಡುವ ಕಾಲದಲ್ಲಿ, ಸಲ್ಲದು. ನೆಲವನ್ನೇ ತುಸು ಕೆದರಿ ಮೊಟ್ಟೆಯಿಡುವ ಹಕ್ಕಿಗೆ ಬೀದಿನಾಯಿ ಮತ್ತು ಬೇಸಿಗೆಯ ಬೆಂಕಿ ಎರಡೂ ಕುತ್ತು. ನಾಯಿಯನ್ನು ಜೊತೆಗೆ ಒಯ್ಯಬೇಡಿ, ಬೀಡಿ ಸಿಗರೇಟು ಸೇದಬೇಡಿ. ಕಂಟಿಯ ಬುಡದಲ್ಲಿ ಉರುಳು ಕಂಡರೆ ಚಿತ್ರ ತೆಗೆದು, ಸ್ಥಳದ ವಿವರದೊಡನೆ ಅರಣ್ಯ ಇಲಾಖೆಗೆ ತಿಳಿಸಿ; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಇದರ ಬೇಟೆ ಅಪರಾಧ. ಕಲ್ಲುಗಣಿ ಗುಡ್ಡವನ್ನೇ ಕರಗಿಸಿದರೆ ಹಕ್ಕಿಗೆ ಬೇರೆ ಆಸರೆಯಿಲ್ಲ. ಹಾಗಾಗಿ ಧಾಮದ ಹೊರಗಿನ ಗುಡ್ಡಗಳಲ್ಲಿ ಅದನ್ನು ಕಂಡಾಗ ದಿನಾಂಕ, ಸಂಖ್ಯೆ, ಜಾಗಗಳನ್ನು ಬರೆದಿಡುವುದು ಧಾಮದೊಳಗಿನ ದಾಖಲೆಗಿಂತ ಹೆಚ್ಚು ಉಪಯುಕ್ತ. ಗೂಡಿನ ನಿಖರ ಜಾಗವನ್ನು ಮಾತ್ರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಬೇಡಿ.